ಬ್ಯಾಂಡಿನ ಹಿಂದಿನ ಬ್ಯಾಂಡು: ಶಿರಸಿಯಲ್ಲಿದ್ದು ಇಂಡೀ ರಾಕ್ ಕೇಳಿದ ಅನುಭವ

ಹೊಸ ಬ್ಯಾಂಡೊಂದು ಹಿಡಿಸಿತೆಂದರೆ ನಾನು ಅದರ ಇನ್ನೊಂದು ಹಾಡನ್ನು ಹುಡುಕಲು ಹೋಗುವುದಿಲ್ಲ. ಆ ಬ್ಯಾಂಡಿನವರು ಕಾಲೇಜು ಓದುವ ಪ್ರಾಯದಲ್ಲಿ ಯಾರನ್ನು ಕೇಳುತ್ತಿದ್ದರು ಎಂದು ಹುಡುಕುತ್ತೇನೆ. ಇಂಡೀ ರಾಕ್, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಬೆಳೆದ ರಾಕ್ ಸಂಗೀತ, ಕೇಳುವುದರಲ್ಲಿ ನನಗೆ ದಕ್ಕಿದ ಸುಖದಲ್ಲಿ ಬಹುಪಾಲು ಬಂದದ್ದು ಹೀಗೆ ಹಿಂದೆ ಹಿಂದೆ ಹೋಗುವ ಅಭ್ಯಾಸದಿಂದ. ಮೊಬೈಲಿನ ಆ್ಯಪ್‌ಗಳ ರೀತಿ ಬೇರೆ. ಒಂದು ಹಾಡು ಇಷ್ಟವಾಯಿತೆಂದು ಗೊತ್ತಾದ ಕೂಡಲೇ ಅದರಂತೆಯೇ ಕೇಳಿಸುವ ಮತ್ತೊಂದನ್ನು, ಮಗದೊಂದನ್ನು ತಂದು ಮುಂದಿಡುತ್ತವೆ. ತಿಂಗಳು ಕಳೆಯುವುದರೊಳಗೆ ಎಲ್ಲವೂ ಒಂದೇ ಹಾಡಿನಂತೆ ಕೇಳಿಸತೊಡಗುತ್ತದೆ.

ಶಿರಸಿಯಲ್ಲಿ ರಾಕ್ ಕೇಳುವವರು ಇಲ್ಲವೆಂದಲ್ಲ. ಇದ್ದಾರೆ, ಇಯರ್‌ಫೋನಿನೊಳಗೆ ಇದ್ದಾರೆ. ಇಲ್ಲಿ ಕಿವಿಗೆ ಬೀಳುವುದು ಯಕ್ಷಗಾನ, ಹಿಂದೂಸ್ತಾನಿ ಬೈಠಕ್, ಮಾರಿಕಾಂಬಾ ಜಾತ್ರೆಯ ಧ್ವನಿವರ್ಧಕ. ಗಿಟಾರಿನ ಗದ್ದಲವನ್ನು ಒಬ್ಬರೇ ಕೂತು ಕೇಳಬೇಕು, ಮಾತಾಡಬೇಕೆಂದರೆ ಕಾರವಾರದಲ್ಲಿರುವ ಗೆಳೆಯನಿಗೆ ಫೋನ್ ಮಾಡಬೇಕು. ಇದರಿಂದ ನನಗೇನೂ ನಷ್ಟವಾಗಿಲ್ಲ. ಊರಿನವರೆಲ್ಲ ಕೇಳುವುದನ್ನು ನಾನೂ ಕೇಳಬೇಕೆಂಬ ಒತ್ತಡ ಈ ಒಂದು ವಿಷಯದಲ್ಲಾದರೂ ಇಲ್ಲ.

ನನ್ನ ನೌಕರಿ ಕುಮಟಾದಲ್ಲಿ, ಮನೆ ಶಿರಸಿಯಲ್ಲಿ. ವಾರದ ಕೊನೆಗೆ ಬಸ್ಸಿನಲ್ಲಿ ದೇವಿಮನೆ ಘಟ್ಟ ಹತ್ತಿ ಬರುತ್ತೇನೆ, ಸೋಮವಾರ ಇಳಿಯುತ್ತೇನೆ. ಸುಮಾರು 60 ಕಿಲೋಮೀಟರ್ ದಾರಿ. ರಸ್ತೆಯ ಸ್ಥಿತಿಯ ಬಗ್ಗೆ ಬರೆಯಹೊರಟರೆ ಅದೇ ಇನ್ನೊಂದು ಲೇಖನವಾದೀತು. ಘಟ್ಟದಲ್ಲಿ ನೆಟ್‌ವರ್ಕ್ ಹೋಗುತ್ತದೆ. ಹಾಗಾಗಿ ಹೊರಡುವ ಮೊದಲೇ ಮೊಬೈಲಿಗೆ ತುಂಬಿಕೊಂಡಿರಬೇಕು. ನಾನು ತುಂಬುವುದು ಒಂದು ಆಲ್ಬಂ ಮಾತ್ರ. ಬೇಸರ ಬಂದರೂ ಬೇರೆ ಗತಿಯಿಲ್ಲ ಎಂಬ ಸ್ಥಿತಿಯಲ್ಲಿ ಕೇಳಿದಾಗ ಐದನೆಯ, ಆರನೆಯ ಹಾಡುಗಳು ತೆರೆದುಕೊಳ್ಳುತ್ತವೆ. ಆ್ಯಪ್ ಆ ಹಾಡುಗಳನ್ನು ನನಗೆ ಎಂದೂ ಕೊಡುತ್ತಿರಲಿಲ್ಲ.

ಹೋಗುವಾಗ ಸುಮ್ಮನೆ ಕೇಳುತ್ತೇನೆ. ಬರುವಾಗ ಬೇಸ್ ಗಿಟಾರನ್ನು, ಅಂದರೆ ತಗ್ಗಿನ ಸ್ವರಗಳ ಗಿಟಾರನ್ನು, ಮಾತ್ರ ಹಿಂಬಾಲಿಸುತ್ತೇನೆ. ಈ ಎರಡನೆಯದು ತುಂಬಾ ಮುಖ್ಯ. ಪ್ರಭಾವ ಎಂಬುದು ಹಾಡಿನ ರಾಗದಲ್ಲಿ, ಮಾತಿನಲ್ಲಿ ಸುಲಭವಾಗಿ ಸಿಗುವುದಿಲ್ಲ, ಅಡಿಯಲ್ಲಿ ಓಡುವ ವಾದ್ಯದಲ್ಲಿ ಸಿಗುತ್ತದೆ. ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ ಬ್ಯಾಂಡಿನ 1979ರ ಮೊದಲ ಆಲ್ಬಮ್ಮಿನಲ್ಲಿ ಪೀಟರ್ ಹುಕ್ ಬೇಸನ್ನು ಮೇಲಿನ ಸ್ವರಗಳಲ್ಲಿ, ಹೆಚ್ಚುಕಡಿಮೆ ಹಾಡುವಂತೆಯೇ ನುಡಿಸುತ್ತಾನೆ. ಅದರ ಹಿಂದೆ ಯಾವ ಸಿದ್ಧಾಂತವೂ ಇಲ್ಲ. ಅವನ ಬಳಿ ಇದ್ದ ಆಂಪ್ಲಿಫೈಯರ್ ಕಳಪೆಯದು. ಪಕ್ಕದ ಗಿಟಾರಿನ ಅಬ್ಬರದಲ್ಲಿ ತಾನು ನುಡಿಸಿದ್ದು ತನಗೇ ಕೇಳಿಸಬೇಕಾದರೆ ಮೇಲಿನ ಸ್ವರಗಳಿಗೆ ಹೋಗದೆ ಉಪಾಯವಿರಲಿಲ್ಲ. ಆ ಬಡತನದ ಉಪಾಯ ಒಂದು ಶೈಲಿಯಾಯಿತು. ಹುಕ್‌ನ ಬೇಸನ್ನು ಒಮ್ಮೆ ಗುರುತು ಹಿಡಿದ ಮೇಲೆ ಇಂದಿನ ಎಷ್ಟೋ ಬ್ಯಾಂಡುಗಳಲ್ಲಿ ಗಿಟಾರ್ ಹಿಂದೆ ಸರಿದು ಬೇಸ್ ಮುಂದೆ ಬಂದು ನಿಲ್ಲುವುದು ಎಲ್ಲಿಂದ ಬಂತೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಇನ್ನು ಹಿಂದಿನವರನ್ನು ಪತ್ತೆಹಚ್ಚುವ ಕೆಲಸ. ನನಗೆ ಹೆಚ್ಚು ಒದಗಿಬಂದದ್ದು, ಒಂದು ಬ್ಯಾಂಡು ಬೇರೆಯವರ ಯಾವ ಹಾಡುಗಳನ್ನು ಹಾಡಿದೆ ಎಂದು ನೋಡುವುದು. ಸಂದರ್ಶನದಲ್ಲಿ ದೊಡ್ಡ ದೊಡ್ಡ ಹೆಸರು ಹೇಳುವುದು ಸುಲಭ. ಬೇರೆಯವರ ಹಾಡನ್ನು ಕಲಿತು, ಅಭ್ಯಾಸ ಮಾಡಿ, ಧ್ವನಿಮುದ್ರಿಸುವಷ್ಟು ಶ್ರಮ ಪಡುವುದು ನಿಜವಾದ ಪ್ರೀತಿಯಿದ್ದರೆ ಮಾತ್ರ. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಕಾಲೇಜು ಪಟ್ಟಣದಲ್ಲಿ 1980ರಲ್ಲಿ ಹುಟ್ಟಿದ ಆರ್‌ಇಎಂ ಬ್ಯಾಂಡು ತನ್ನ ಬಿಡಿ ಹಾಡುಗಳನ್ನೆಲ್ಲ ಸೇರಿಸಿ 1987ರಲ್ಲಿ ಒಂದು ಸಂಕಲನ ತಂದಿತು. ಉಳಿದ ಚೂರುಪಾರುಗಳ ಸಂಕಲನವೇ. ಆದರೆ ನನಗೆ ಅದು ಅವರ ದೊಡ್ಡ ಆಲ್ಬಂಗಳಿಗಿಂತ ಹೆಚ್ಚು ಉಪಕಾರ ಮಾಡಿದೆ. ಅದರ ಮೊದಲ ಹಾಡು ಅದೇ ಊರಿನ ಪೈಲನ್ ಎಂಬ ಬ್ಯಾಂಡಿನದು. ಮುಂದೆ ಮೂರು ಹಾಡುಗಳು ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ನ್ಯೂಯಾರ್ಕಿನ ಬ್ಯಾಂಡಿನವು. ಒಂದೇ ಧ್ವನಿತಟ್ಟೆಯಿಂದ ಎರಡು ದಾರಿ: ಒಂದು ಪಕ್ಕದ ಮನೆಗೆ, ಇನ್ನೊಂದು ಇಪ್ಪತ್ತು ವರ್ಷ ಹಿಂದಕ್ಕೆ. ಪೈಲನ್‌ನವರು ಕಲಾಶಾಲೆಯ ವಿದ್ಯಾರ್ಥಿಗಳು. ಅವರ 1980ರ ಆಲ್ಬಮ್ಮನ್ನು ಈಗಲೂ ತಿಂಗಳಿಗೊಮ್ಮೆ ಕೇಳುತ್ತೇನೆ.

ವೆಲ್ವೆಟ್ ಅಂಡರ್‌ಗ್ರೌಂಡ್‌ನ ದಾರಿ ಮಾತ್ರ ನನ್ನನ್ನು ನಾನು ಎಣಿಸದ ಕಡೆಗೆ ಒಯ್ದಿತು. ಅವರ ಮೊದಲ ಆಲ್ಬಂ 1967ರದು, ಮುಖಪುಟದಲ್ಲಿ ಬಾಳೆಹಣ್ಣಿನ ಚಿತ್ರ. ಅದರಲ್ಲಿ ವೀನಸ್ ಇನ್ ಫರ್ಸ್ ಎಂಬ ಹಾಡಿದೆ. ಹಾಡಿನ ಉದ್ದಕ್ಕೂ ಬ್ಯಾಂಡಿನ ಜಾನ್ ಕೇಲ್‌ನ ವಿಯೋಲಾ, ಅಂದರೆ ಪಿಟೀಲಿಗಿಂತ ತುಸು ದೊಡ್ಡ ವಾದ್ಯ, ಕೊರೆಯುತ್ತಲೇ ಇರುತ್ತದೆ. ಹಾಡುವ ಲೂ ರೀಡ್ ತನ್ನ ಗಿಟಾರಿನ ಎಲ್ಲ ತಂತಿಗಳನ್ನೂ ಒಂದೇ ಸ್ವರಕ್ಕೆ ಶ್ರುತಿ ಮಾಡಿಟ್ಟಿದ್ದಾನೆ. ಮನೆಯಲ್ಲಿ ಇದನ್ನು ಸ್ಪೀಕರಿಗೆ ಹಾಕಿದ್ದ ದಿನ ನನ್ನ ಸೋದರತ್ತೆ ಬಂದು ಕೂತರು. ಅವರು ಎಳವೆಯಿಂದಲೂ ಹಿಂದೂಸ್ತಾನಿ ಹಾಡಿಕೊಂಡು ಬಂದವರು. ಬೆಳಿಗ್ಗೆ ತಂಬೂರಿ ಮೀಟದೆ ಚಹಾ ಕುಡಿಯುವವರಲ್ಲ. ಪೂರ್ತಿ ಕೇಳಿ, "ತಮ್ಮಾ, ತಂಬೂರಿಯವನು ಶ್ರುತಿ ಹಿಡಿದುಕೊಂಡೇ ಕೂತಿದ್ದಾನೆ. ಹಾಡುವವನಿಗೆ ಮಾತ್ರ ಅದರ ಗೊಡವೆಯೇ ಇಲ್ಲವಲ್ಲ" ಎಂದರು. ಲೂ ರೀಡ್ ಬಗ್ಗೆ ಇದಕ್ಕಿಂತ ಚುಟುಕಾದ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ.

ಆದರೆ ತಂಬೂರಿ ಎಂಬ ಅವರ ಮಾತು ತಲೆಯಲ್ಲಿ ಉಳಿಯಿತು. ಕೇಲ್‌ನ ಹಿಂದೆ ಯಾರಿದ್ದರು ಎಂದು ನೋಡಿದರೆ ಅಲ್ಲಿ ಲಾ ಮಾಂಟ್ ಯಂಗ್ ಎಂಬ ಸಂಗೀತಗಾರ. ಕೇಲ್ 1963ರಲ್ಲಿ ಬ್ರಿಟನ್ನಿನಿಂದ ಅಮೆರಿಕಕ್ಕೆ ಹೋದವನು ಯಂಗ್‌ನ ತಂಡ ಸೇರಿದ. ಅಲ್ಲಿ ಒಂದೇ ಸ್ವರವನ್ನು ಗಂಟೆಗಟ್ಟಲೆ ಎಳೆಯುವುದೇ ಕೆಲಸ. ಯಂಗ್‌ಗೆ ಆ ಹುಚ್ಚು ಹತ್ತಿದ್ದರಲ್ಲಿ 1955ರಲ್ಲಿ ಅಮೆರಿಕದಲ್ಲಿ ಹೊರಬಂದ ಅಲಿ ಅಕ್ಬರ್ ಖಾನರ ಸರೋದ್ ತಟ್ಟೆಯ ಪಾಲು ದೊಡ್ಡದು. ಸರೋದಿನ ಜೊತೆಗೆ ಹಿಂದೆ ಮಿಡಿಯುತ್ತಿದ್ದ ತಂಬೂರಿ ಅವನನ್ನು ಹಿಡಿದು ನಿಲ್ಲಿಸಿತು. ಮುಂದೆ 1970ರಲ್ಲಿ ಹಿಂದೂಸ್ತಾನಿ ಗಾಯಕ ಪಂಡಿತ್ ಪ್ರಾಣನಾಥರು ಅಮೆರಿಕಕ್ಕೆ ಹೋದಾಗ ಯಂಗ್ ಅವರಿಗೆ ಶಿಷ್ಯನಾದ. ಪ್ರಾಣನಾಥರು ಕಿರಾನಾ ಘರಾಣೆಯ ಅಬ್ದುಲ್ ವಾಹಿದ್ ಖಾನರಲ್ಲಿ ಕಲಿತವರು. ಅದೇ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇಬ್ಬರಿಗೂ ಅವರೇ ಗುರುಗಳು. ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿ ಸ್ವಲ್ಪ ಮುಂದೆ ಸಾಗಿದರೆ ಕುಂದಗೋಳ.

ಇಲ್ಲಿ ಒಂದು ಎಚ್ಚರ ಬೇಕು. ಪ್ರಾಣನಾಥರು ಅಮೆರಿಕಕ್ಕೆ ಹೋಗುವ ಹೊತ್ತಿಗೆ ವೆಲ್ವೆಟ್ ಅಂಡರ್‌ಗ್ರೌಂಡ್‌ನ ಮೊದಲ ಆಲ್ಬಂ ಬಂದು ಮೂರು ವರ್ಷವಾಗಿತ್ತು. ಆದ್ದರಿಂದ ಕಿರಾನಾದಿಂದ ರಾಕ್ ಹುಟ್ಟಿತು ಎಂಬಂಥ ಹೆಮ್ಮೆಯ ಮಾತಿಗೆ ಆಧಾರವಿಲ್ಲ. ಸಂಬಂಧವಿರುವುದು ಸರೋದ್ ತಟ್ಟೆಯ ಮೂಲಕ, ಯಂಗ್‌ನ ಕಿವಿಯ ಮೂಲಕ, ದೂರದ್ದು, ಆದರೆ ಖಚಿತವಾದದ್ದು. ನಮ್ಮವರು ಎಲ್ಲದರಲ್ಲೂ ಮೊದಲಿಗರು ಎಂದು ವಾದಿಸುವವರ ಕೈಗೆ ಇಂಥ ವಿಷಯ ಸಿಕ್ಕರೆ ಕಷ್ಟ. ವರ್ಷಗಳನ್ನು ಒಂದರ ಪಕ್ಕ ಒಂದು ಬರೆದಿಟ್ಟುಕೊಳ್ಳುವ ಅಭ್ಯಾಸ ನನಗೆ ಬಂದದ್ದು ಇಲ್ಲಿಂದಲೇ. ಯಾರು ಯಾರಿಂದ ಪಡೆದರು ಎಂದು ಹೇಳುವ ಮೊದಲು ಯಾರು ಮೊದಲು ಬಂದರು ಎಂದು ನೋಡಿಕೊಳ್ಳುತ್ತೇನೆ.

ಕೇಲ್‌ನಿಂದ ಮುಂದಕ್ಕೂ ಒಂದು ದಾರಿಯಿದೆ. ಅವನು ಬ್ಯಾಂಡು ಬಿಟ್ಟ ಮೇಲೆ ಬೇರೆಯವರ ಆಲ್ಬಂಗಳ ನಿರ್ಮಾಪಕನಾದ. ಸ್ಟೂಜಸ್‌ನ 1969ರ ಮೊದಲ ಆಲ್ಬಂ, ಪ್ಯಾಟಿ ಸ್ಮಿತ್‌ಳ 1975ರ ಮೊದಲ ಆಲ್ಬಂ, ಮಾಡರ್ನ್ ಲವರ್ಸ್‌ನ ಆರಂಭದ ಮುದ್ರಣಗಳು ಅವನ ಕೈಯಲ್ಲಿ ಆದವು. ಮಾಡರ್ನ್ ಲವರ್ಸ್‌ನ ಜೆರ್ರಿ ಹ್ಯಾರಿಸನ್ ಮುಂದೆ ಟಾಕಿಂಗ್ ಹೆಡ್ಸ್ ಸೇರಿದ. ಆ ಬ್ಯಾಂಡು 1980ರ ಹೊತ್ತಿಗೆ ನೈಜೀರಿಯಾದ ಲಾಗೋಸಿನ ಸಂಗೀತಗಾರ ಫೆಲಾ ಕುಟಿಯ ಲಯಕ್ಕೆ ಮರುಳಾಗಿತ್ತು. ಒಬ್ಬ ವಿಯೋಲಾ ವಾದಕನ ಹೆಸರು ಹಿಡಿದು ಹೊರಟವನು ಲಾಗೋಸ್ ತಲುಪಿದ್ದು ಹೀಗೆ. ಆ್ಯಪ್‌ಗಳಲ್ಲಿ ಹಾಡಿನ ಪಕ್ಕದ ಚುಕ್ಕೆಗಳನ್ನು ಒತ್ತಿದರೆ ಬರೆದವರು, ನಿರ್ಮಿಸಿದವರು ಯಾರು ಎಂಬ ವಿವರ ಸಾಮಾನ್ಯವಾಗಿ ಸಿಗುತ್ತದೆ. ಅಲ್ಲಿ ಸಾಲದಿದ್ದರೆ ಡಿಸ್ಕಾಗ್ಸ್ ಜಾಲತಾಣದಲ್ಲಿ ತಟ್ಟೆಯ ಹಿಂಬದಿಯಲ್ಲಿ ಅಚ್ಚಾದದ್ದೆಲ್ಲ ಇರುತ್ತದೆ.

ಧ್ವನಿಮುದ್ರಣ ಮಾಡಿದವನ ಹೆಸರೂ ದಾರಿ ತೋರಿಸುತ್ತದೆ. ಶಿಕಾಗೋದ ಸ್ಟೀವ್ ಅಲ್ಬಿನಿ 2024ರಲ್ಲಿ ತೀರಿಕೊಂಡ. ಅವನು ಮುದ್ರಿಸಿದ ಬ್ಯಾಂಡುಗಳಿಂದ ರಾಯಲ್ಟಿ ಪಡೆಯುತ್ತಿರಲಿಲ್ಲ. ಪ್ಲಂಬರ್ ಕೂಲಿ ತೆಗೆದುಕೊಳ್ಳುವಂತೆ ಕೆಲಸಕ್ಕೆ ಇಷ್ಟು ಎಂದು ತೆಗೆದುಕೊಂಡು ಸುಮ್ಮನಾಗುತ್ತಿದ್ದ. ಪಿಕ್ಸೀಸ್‌ನ 1988ರ ಆಲ್ಬಂ ಅವನು ಮಾಡಿದ್ದು. ಅದರಲ್ಲಿ ಹಾಡು ತಗ್ಗಿದ ದನಿಯಲ್ಲಿ ನಡೆಯುತ್ತಿದ್ದು ಒಮ್ಮೆಲೇ ಸಿಡಿಯುವ ಕ್ರಮ ಮುಂದೆ ನಿರ್ವಾಣ ಎಂಬ ಬ್ಯಾಂಡಿನ ಕೈಸೇರಿ ಜಗತ್ತಿಗೆಲ್ಲ ಗೊತ್ತಾಯಿತು. ನನ್ನ ಕಿವಿಗೆ ಅದು ಹೊಸತಾಗಿರಲಿಲ್ಲ. ಬಡಗುತಿಟ್ಟಿನ ಆಟದಲ್ಲಿ ಭಾಗವತರು ಮದ್ದಲೆಯೊಡನೆ ಹಾಡುತ್ತಿದ್ದಂತೆ ವೀರರಸಕ್ಕೆ ಚಂಡೆ ಎದ್ದಾಗ ನಿದ್ದೆಗಣ್ಣಿನ ಪ್ರೇಕ್ಷಕ ನೆಟ್ಟಗಾಗುವುದನ್ನು ನೋಡುತ್ತಲೇ ಬೆಳೆದವನು ನಾನು.

ಹೊಸಬರು ಎಲ್ಲಿ ಸಿಗುತ್ತಾರೆ? ಅಮೆರಿಕದ ಸಿಯಾಟಲ್‌ನಲ್ಲಿ ಕೆಇಎಕ್ಸ್‌ಪಿ ಎಂಬ ರೇಡಿಯೊ ಇದೆ. ಕೇಳುಗರ ದೇಣಿಗೆಯಿಂದ ನಡೆಯುತ್ತದೆ, ಯಾವ ಹಾಡು ಹಾಕಬೇಕೆಂದು ನಿರೂಪಕರೇ ಆರಿಸುತ್ತಾರೆ. ಅವರ ಬೆಳಗಿನ ಕಾರ್ಯಕ್ರಮ ನಮಗೆ ರಾತ್ರಿ ಊಟದ ಹೊತ್ತು. ಅಂತರ್ಜಾಲದಲ್ಲಿ ಅದನ್ನು ಹಾಕಿಕೊಂಡು ಪಾತ್ರೆ ತೊಳೆಯುತ್ತೇನೆ. ಕೈ ಒದ್ದೆಯಾಗಿರುವುದರಿಂದ ಹಾಡು ಬದಲಿಸುವ ಚಪಲ ಇರುವುದಿಲ್ಲ. ಹಿಡಿಸಿದ ಹೆಸರು ಆಮೇಲೆ ಅವರ ಜಾಲತಾಣದ ಪಟ್ಟಿಯಲ್ಲಿ ಸಿಗುತ್ತದೆ. ಆಲ್ಬಮ್ಮನ್ನು ಕೊಳ್ಳುವುದು ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದಲ್ಲಿ. ಡಿಜಿಟಲ್ ಮಾರಾಟದಲ್ಲಿ ಅವರು ಇಟ್ಟುಕೊಳ್ಳುವುದು ಶೇಕಡಾ 15 ಅಥವಾ 10, ಉಳಿದದ್ದರಲ್ಲಿ ಹಣ ಪಾವತಿಯ ಶುಲ್ಕ ಕಳೆದರೆ ಮಿಕ್ಕಿದ್ದು ಬ್ಯಾಂಡಿಗೆ. ಕಡತ ನಮ್ಮ ಕೈಗೇ ಬರುವುದರಿಂದ ಘಟ್ಟದ ದಾರಿಗೂ ಅನುಕೂಲ.

ಟೆಕ್ಸಾಸಿನ ಕ್ರುಂಗ್‌ಬಿನ್ ಎಂಬ ಮೂವರ ತಂಡ ನನಗೆ ಹೀಗೇ ಸಿಕ್ಕಿತು. ಅವರು 1960–70ರ ದಶಕದ ಥಾಯ್ಲೆಂಡಿನ ಸಂಗೀತದಿಂದ ತುಂಬಾ ಪಡೆದವರು. ಕಾರವಾರದ ಗೆಳೆಯನಿಗೆ ಕಳಿಸಿದೆ. ಅವನ ಮನೆಮಾತು ಕೊಂಕಣಿ. ಮರುದಿನ ಅವನು ತಿರುಗಿ ಕಳಿಸಿದ್ದು ಗೋವಾದ ಕೊಂಕಣಿ ಗಾಯಕಿ ಲೋರ್ನಾಳ ಹಾಡುಗಳನ್ನು. ಜೊತೆಗೆ ಕ್ರಿಸ್ ಪೆರಿಯ ತುತ್ತೂರಿ. "ನೀನು ಥಾಯ್ಲೆಂಡಿಗೆ ಹೋಗುವುದಾದರೆ ಹೋಗು, ದಾರಿಯಲ್ಲಿ ಮಡಗಾಂವಿನಲ್ಲಿ ಇಳಿದು ಹೋಗು" ಎಂದ. ಇವೆರಡಕ್ಕೂ ನೇರ ಸಂಬಂಧವಿಲ್ಲ. ಆದರೆ ಅಮೆರಿಕದ ಜಾಝ್, ಪಾಪ್ ತಟ್ಟೆಗಳು ಹಡಗು, ರೇಡಿಯೊಗಳ ಮೂಲಕ ಏಷ್ಯಾದ ಬಂದರುಗಳಿಗೆ ಬಂದು, ಅಲ್ಲಿಯ ಭಾಷೆ ಕಲಿತು, ಬೇರೆ ರೂಪ ತಾಳಿದ್ದು ಎರಡೂ ಕಡೆ ನಡೆದಿದೆ. ಈಗ ಅದೇ ರೂಪ ಟೆಕ್ಸಾಸಿಗೆ ಮರಳಿದೆ.

ನಮ್ಮ ಕಡೆಯ ಬ್ಯಾಂಡುಗಳನ್ನೂ ಇದೇ ಅಳತೆಯಲ್ಲಿ ಕೇಳುತ್ತೇನೆ. ಕೇರಳದ ಅವಿಯಲ್ ತಂಡದ 2008ರ ಆಲ್ಬಂ ನನಗೆ ಈಗಲೂ ಹಳತೆನಿಸಿಲ್ಲ. ಮಲಯಾಳದ ಜನಪದದ ಒರಟುತನವನ್ನು ಅವರು ನಯಗೊಳಿಸಲು ಹೋಗಿಲ್ಲ. ಅದೇ ವರ್ಷ ಬಂದ ರಘು ದೀಕ್ಷಿತರ ಮೊದಲ ಆಲ್ಬಮ್ಮಿನ ಶರೀಫರ ಪದಗಳನ್ನು ಕೇಳುವಾಗ ಸಿ. ಅಶ್ವಥ್ ಹಾಡಿದ್ದು ಕಿವಿಯಲ್ಲಿ ಇದ್ದೇ ಇರುತ್ತದೆ. ಅಶ್ವಥ್‌ರ ದನಿಯನ್ನು ಬದಿಗಿಟ್ಟು ಗಿಟಾರನ್ನು ಕೇಳಲು ನನಗೆ ಬಹಳ ಕಾಲ ಹಿಡಿಯಿತು.

ಹೀಗೆ ಬೇರು ಹುಡುಕುವವರಿಗೆ ಒಂದು ರೋಗ ಅಂಟುತ್ತದೆ. ಹೊಸಬರು ನಾಲ್ಕು ಸ್ವರ ನುಡಿಸುವುದರೊಳಗೆ "ಇದು ಅವರದ್ದು, ಅದು ಇವರದ್ದು" ಎಂದು ಹೇಳುವ ರೋಗ. ನನ್ನ ಲೆಕ್ಕದಲ್ಲಿ ಒಬ್ಬರನ್ನೇ ಕೇಳಿ ಬೆಳೆದ ಬ್ಯಾಂಡು ಬೇಗ ಬೇಸರ ತರಿಸುತ್ತದೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಇಬ್ಬರು ಮೂವರನ್ನು ಪ್ರೀತಿಸಿದ ಬ್ಯಾಂಡು ಬಹುಕಾಲ ಬಾಳುತ್ತದೆ. ತೀರ್ಪು ಕೊಡುವುದಾದರೆ ನಾಲ್ಕನೆಯ ಸಲ ಕೇಳಿದ ಮೇಲೆ ಕೊಡುತ್ತೇನೆ.

ಮಳೆಗಾಲದಲ್ಲಿ ಬಸ್ಸಿನ ಆಯ್ಕೆ ಬೇರೆಯಾಗುತ್ತದೆ. ಕಿಟಕಿಯೆಲ್ಲ ಮುಚ್ಚಿ, ಇಂಜಿನ್ನಿನ ಸದ್ದು ಒಳಗೇ ಸುತ್ತುವಾಗ ಮೆಲುದನಿಯ ಸಂಗೀತ ಅರ್ಧ ಕೇಳಿಸುವುದೇ ಇಲ್ಲ. ಅಲ್ಬಿನಿ ಮುದ್ರಿಸಿದ ಲೋ ಬ್ಯಾಂಡಿನ 2001ರ ಆಲ್ಬಂ ನನಗೆ ಅಚ್ಚುಮೆಚ್ಚು, ಆದರೆ ಅದು ಮನೆಗೇ ಸರಿ. ಬಸ್ಸಿಗೆ ಜರ್ಮನಿಯ ನಾಯ್ ಬ್ಯಾಂಡು ಒಳ್ಳೆಯದು. 1972ರ ಅವರ ಮೊದಲ ಆಲ್ಬಮ್ಮಿನ ಮೊದಲ ಹಾಡಿನಲ್ಲಿ ಡ್ರಮ್ಮು ತಾಳ ಬದಲಿಸದೆ ಹತ್ತು ನಿಮಿಷ ಒಂದೇ ಓಟದಲ್ಲಿ ಓಡುತ್ತದೆ, ಯಾವ ಇಂಜಿನ್ನಿಗೂ ಸೋಲುವುದಿಲ್ಲ. ಅದರಿಂದ ನೇರವಾಗಿ ಪಡೆದವರು 1990ರ ದಶಕದ ಸ್ಟೀರಿಯೊಲ್ಯಾಬ್ ಬ್ಯಾಂಡಿನವರು. ಈ ಸೋಮವಾರಕ್ಕೆ ಅವರನ್ನು ತುಂಬಿಕೊಂಡಿದ್ದೇನೆ. ಅವರ ಹಿಂದೆ ಯಾರಿದ್ದಾರೆಂದು ಗೊತ್ತಾಗಿದೆ, ಅವರಿಂದ ಮುಂದಕ್ಕೆ ಯಾರು ಕಲಿತರೆಂದು ಇನ್ನು ನೋಡಬೇಕು.