‘ತಿಳೀತೇನ್ರೋ?’ ಅಂತ ಕೇಳೋದು ಬಿಟ್ಟು ನೋಡಿ

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಯಾವ ಶಾಲೆಯ ಕಿಟಕಿ ಹತ್ತಿರ ನಿಂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಮಾಸ್ತರು "ತಿಳೀತೇನ್ರೋ?" ಅಂತಾರೆ. ಇಡೀ ಕ್ಲಾಸು ಒಂದೇ ರಾಗದಲ್ಲಿ "ಹೂನ್ರೀ ಸರ" ಅನ್ನುತ್ತದೆ. ಮಾಸ್ತರು ಬೋರ್ಡು ಒರೆಸಿ ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಎಷ್ಟು ಮಕ್ಕಳಿಗೆ ನಿಜವಾಗಿ ತಿಳಿದಿದೆ ಅನ್ನೋದು ಮಾಸ್ತರಿಗೂ ಗೊತ್ತಿಲ್ಲ, ಎಷ್ಟೋ ಸಲ ಮಕ್ಕಳಿಗೂ ಗೊತ್ತಿಲ್ಲ. ‘ಇಲ್ರಿ’ ಅಂದರೆ ಎಬ್ಬಿಸಿ ನಿಲ್ಲಿಸಿ ಎಲ್ಲರ ಎದುರು ಕೇಳ್ತಾರೆ ಅನ್ನೋದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತು.

ಇದನ್ನು ಬರೀತಿರೋದು ಮುಖ್ಯವಾಗಿ ಹೊಸದಾಗಿ ಪೋಸ್ಟಿಂಗ್ ಆಗಿ ಬಂದ ಮಾಸ್ತರು, ಟೀಚರುಗಳಿಗೆ, ಅತಿಥಿ ಶಿಕ್ಷಕರಿಗೆ. ನಡುವೆ ಹೈಸ್ಕೂಲ್ ಮಕ್ಕಳಿಗೂ ಒಂದಿಷ್ಟು ಇದೆ. ತರಬೇತಿಯಲ್ಲಿ ಸಂವಹನ ಕೌಶಲ ಅಂತ ಹೇಳಿಕೊಡ್ತಾರಲ್ಲ, ನಗುಮುಖ ಇರಲಿ, ಕೈ ಕಟ್ಟಿ ನಿಲ್ಲಬೇಡಿ, ದನಿ ಏರಿಳಿತ ಇರಲಿ ಅಂತ, ಅದೇನೂ ತಪ್ಪಲ್ಲ. ಆದರೆ ನಾನು ನೋಡಿದ ಮಟ್ಟಿಗೆ ಕ್ಲಾಸಿನಲ್ಲಿ ಮಾತು ಕೆಡೋದು ನಾವು ಕೇಳೋ ಪ್ರಶ್ನೆಯಲ್ಲಿ, ಮತ್ತೆ ಪ್ರಶ್ನೆ ಕೇಳಿದ ಮೇಲಿನ ಎರಡು ಮೂರು ಸೆಕೆಂಡಿನಲ್ಲಿ.

ಹೂ ಅಂದರೆ ಮುಗಿಯದಂಥ ಪ್ರಶ್ನೆ ಕೇಳಿ

‘ತಿಳೀತಾ’ ಅನ್ನೋ ಬದಲು, ತಿಳಿದಿದ್ದರೆ ಮಾತ್ರ ಉತ್ತರ ಹೇಳೋಕೆ ಆಗುವಂಥ ಒಂದು ಪ್ರಶ್ನೆ ಕೇಳಿ. ಐದನೇ ತರಗತಿಯ ಭಿನ್ನರಾಶಿ ತಗೊಳ್ಳಿ. ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗ ದೊಡ್ಡದೋ?

"ನಾಕನೇದ್ ರೀ ಸರ" ಅಂತಾಳೆ ಒಬ್ಬ ಹುಡುಗಿ.

ಇಲ್ಲಿ "ತಪ್ಪು, ಕುಂದ್ರು, ನೀ ಹೇಳಲೇ" ಅಂತ ಪಕ್ಕದವನ ಕಡೆ ತಿರುಗಿದಿರೋ, ಮುಗೀತು. ಆ ಹುಡುಗಿ ತಲೆಯಲ್ಲಿ ಏನಿದೆ ಅಂತ ನಿಮಗೆ ಗೊತ್ತಾಗೋ ಬಾಗಿಲು ಅಲ್ಲೇ ಬಂದ್. ಬದಲಿಗೆ ಮುಖದಲ್ಲಿ ಏನೂ ತೋರಿಸದೆ "ಹೆಂಗ ಅಂತಿ?" ಅಂತ ಕೇಳಿ.

"ಮೂರಕ್ಕಿಂತ ನಾಕು ದೊಡ್ಡದಲ್ರೀ."

ಅವಳ ಲೆಕ್ಕ ಸರಿಯಾಗೇ ಇದೆ, ಪೂರ್ಣ ಸಂಖ್ಯೆಗಳಿಗಾದರೆ. ಈಗ ನಿಮಗೆ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಾಯ್ತು. "ಒಂದು ರೊಟ್ಟಿ ಐತಿ. ಮೂರು ಮಂದಿ ಹಂಚ್ಕೊಂಡ್ರ ಜಾಸ್ತಿ ಸಿಗತೈತೋ, ನಾಕು ಮಂದಿ ಹಂಚ್ಕೊಂಡ್ರೋ?" ಅಂತ ಕೇಳಿ ಸುಮ್ನೆ ನಿಲ್ಲಿ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು "ಹಂಗಾರ ಇದು ಉಲ್ಟಾ ಐತ್ರೀ ಸರ!" ಅಂತಾರೆ. ಆ ಮಾತು ನೀವು ಹೇಳೋದಕ್ಕಿಂತ ಪಕ್ಕದ ಹುಡುಗ ಹೇಳಿದರೆ ಜಾಸ್ತಿ ನಾಟುತ್ತದೆ.

ಒಂದು ಎಚ್ಚರಿಕೆ. "ಹೆಂಗ ಅಂತಿ?" ಅನ್ನೋದನ್ನ ಸರಿ ಉತ್ತರ ಕೊಟ್ಟವರಿಗೂ ಕೇಳಬೇಕು. ತಪ್ಪಿದವರಿಗೆ ಮಾತ್ರ ಕೇಳಿದರೆ ಒಂದು ವಾರದಲ್ಲಿ ಮಕ್ಕಳು ಗುಟ್ಟು ಹಿಡಿದುಬಿಡ್ತಾರೆ. ಸರ್ ಹೆಂಗ ಅಂದ್ರೆ ಉತ್ತರ ತಪ್ಪು ಅಂತ ಲೆಕ್ಕ ಹಾಕಿ, ಕೇಳಿದ ಕೂಡಲೇ ಉತ್ತರ ಬದಲಿಸ್ತಾರೆ.

ವಿಜ್ಞಾನ, ಸಮಾಜ ಪಾಠದಲ್ಲೂ ಇದೇ ದಾರಿ. ತುಂಗಭದ್ರಾ ಡ್ಯಾಂ ಯಾವ ವರ್ಷ ಮುಗೀತು ಅಂದರೆ ಒಬ್ಬ 1953 ಅಂತಾನೆ, ಉಳಿದವರು ಅದನ್ನೇ ಕೂಗ್ತಾರೆ. ಕಾಲುವೆ ನೀರು ಬರೋ ಮುಂಚೆ ನಿಮ್ಮೂರ ಹೊಲದಲ್ಲಿ ಏನು ಬೆಳೀತಿದ್ದರು, ಮನೆಯಲ್ಲಿ ವಯಸ್ಸಾದವರನ್ನು ಕೇಳಿಕೊಂಡು ಬನ್ನಿ ಅನ್ನಿ. ಜೋಳದ ಹೊಲ ಭತ್ತದ ಗದ್ದೆ ಆದ ಕಥೆ ಮಕ್ಕಳ ಬಾಯಿಂದಲೇ ಬರುತ್ತದೆ, ಮತ್ತೆ ಒಬ್ಬೊಬ್ಬರದು ಒಂದೊಂದು ಥರ ಇರೋದ್ರಿಂದ ಕೋರಸ್ ಹಾಡೋಕೆ ಆಗಲ್ಲ.

ಕೇಳಿದ ಮೇಲೆ ಬಾಯಿ ಮುಚ್ಚಿ

ಇದು ಹೇಳೋಕೆ ಸುಲಭ, ಮಾಡೋಕೆ ಭಾರಿ ಕಷ್ಟ. ಅಮೆರಿಕದಲ್ಲಿ ಮೇರಿ ಬಡ್ ರೋ ಅನ್ನೋ ಶಿಕ್ಷಣ ಸಂಶೋಧಕಿ ವಿಜ್ಞಾನ ಪಾಠಗಳ ಧ್ವನಿಮುದ್ರಣಗಳನ್ನು ಇಟ್ಟುಕೊಂಡು ಇದನ್ನೇ ಅಳೆದು ನೋಡಿದರು, 1970ರ ದಶಕದಲ್ಲಿ ಅವರ ಬರಹಗಳು ಬಂದವು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯ್ತಾರೆ, ಆಮೇಲೆ ತಾವೇ ಹೇಳ್ತಾರೆ ಇಲ್ಲಾ ಇನ್ನೊಬ್ಬರನ್ನು ಕೇಳ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯ್ತು, ಉತ್ತರವೇ ಬಾರದಿರೋದು ಕಡಿಮೆಯಾಯ್ತು, ‘ಇವನಿಗೆ ಬರಲ್ಲ’ ಅಂತ ಬಿಟ್ಟಿದ್ದ ಮಕ್ಕಳೂ ಬಾಯಿ ಬಿಟ್ಟರು. ಕಾಯೋ ಜಾಗ ಎರಡು: ಪ್ರಶ್ನೆ ಕೇಳಿದ ಮೇಲೆ ಒಂದು, ಮಗು ಉತ್ತರ ಹೇಳಿದ ಮೇಲೆ ಇನ್ನೊಂದು. ಎರಡನೇದನ್ನ ಯಾರೂ ಮಾಡಲ್ಲ. ಮಗು ಒಂದು ಮಾತು ಹೇಳಿ ಉಸಿರು ತಗೊಳ್ಳೋದರೊಳಗೆ ನಾವು "ವೆರಿ ಗುಡ್" ಅಂದುಬಿಡ್ತೀವಿ. ಅದು ಇನ್ನೂ ಹೇಳೋದಿತ್ತು.

ಮೂರು ಸೆಕೆಂಡು ಅಂದರೆ ಏನು ಮಹಾ ಅನ್ನಿಸಬಹುದು, ಕ್ಲಾಸಿನಲ್ಲಿ ನಿಂತು ನೋಡಿ, ಮೈ ಬೆವರುತ್ತದೆ. ಕೈಯಲ್ಲಿರೋ ಸೀಮೆಸುಣ್ಣ ಮೇಜಿನ ಮೇಲಿಟ್ಟು, ನಿಧಾನಕ್ಕೆ ಕಿಟಕಿವರೆಗೆ ನಡೆದು ತಿರುಗಿ. ಅಷ್ಟೇ ಸಾಕು. ಮತ್ತೆ ಹೆಸರು ಮೊದಲು ಕೂಗಬೇಡಿ. "ಬಸಮ್ಮ, ನೀ ಹೇಳು, ಸಸ್ಯ ಆಹಾರ ಹೆಂಗ ತಯಾರಿಸ್ತೈತಿ" ಅಂದರೆ ಬಸಮ್ಮನನ್ನು ಬಿಟ್ಟು ಉಳಿದವರೆಲ್ಲ ಆರಾಮ ಕೂತರು ಅಂತಲೇ ಅರ್ಥ. ಪ್ರಶ್ನೆ ಮೊದಲು, ಆಮೇಲೆ ಮೌನ, ಕೊನೆಗೆ ಹೆಸರು. ನಾಚಿಕೆ ಜಾಸ್ತಿ ಇರೋ ಕ್ಲಾಸಾದರೆ ಹೆಸರು ಕೂಗೋ ಮುಂಚೆ "ಒಂದು ನಿಮಿಷ ಪಕ್ಕದವರ ಕೂಡ ಮಾತಾಡ್ರಿ" ಅನ್ನಿ. ಪಕ್ಕದವರ ಕಿವಿಯಲ್ಲಿ ಒಂದು ಸಲ ಹೇಳಿದ ಉತ್ತರವನ್ನು ಎದ್ದು ನಿಂತು ಹೇಳೋದು ಅಷ್ಟು ಕಷ್ಟ ಆಗಲ್ಲ.

ಇದರ ಜೊತೆಗೇ ಒಂದು ವಿಷಯ. ನಲಿ-ಕಲಿಯಲ್ಲಿ, ಅಂದರೆ ಒಂದರಿಂದ ಮೂರರವರೆಗೆ, ಇದೇ ಮಕ್ಕಳು ಗುಂಪಾಗಿ ಕೂತು ಕಾರ್ಡು ಹಿಡಿದು ಗಲಗಲ ಮಾತಾಡ್ತಿರುತ್ತಾರೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಸಾಲಾಗಿ ಬೋರ್ಡಿನ ಕಡೆ ಮುಖ ಮಾಡಿ ಕೂರಿಸ್ತೀವಿ, ಆಮೇಲೆ ‘ಈ ಮಕ್ಕಳು ಬಾಯೇ ಬಿಡಲ್ಲ’ ಅಂತ ಸ್ಟಾಫ್ ರೂಮಿನಲ್ಲಿ ಬೇಜಾರು ಮಾಡ್ಕೊಳ್ತೀವಿ. ವಾರಕ್ಕೆ ಒಂದೆರಡು ಪೀರಿಯಡ್ಡಾದರೂ ಗುಂಡಗೆ ಕೂರಿಸಿ.

ಮನೆ ಮಾತನ್ನು ಗೇಟಿನ ಹೊರಗೆ ನಿಲ್ಲಿಸಬೇಡಿ

ಮೈಸೂರು, ತುಮಕೂರು ಕಡೆಯಿಂದ ಬಂದವರಿಗೆ ಮೊದಲ ತಿಂಗಳು ಇಲ್ಲಿನ ಕನ್ನಡವೇ ಹೊಸದು. ಪುಸ್ತಕದಲ್ಲಿ ಈರುಳ್ಳಿ, ಮಕ್ಕಳಿಗೆ ಉಳ್ಳಾಗಡ್ಡಿ. ಪುಸ್ತಕದಲ್ಲಿ ಕಡಲೆಕಾಯಿ, ಇಲ್ಲಿ ಶೇಂಗಾ. ಮಗು "ನಾವು ಉಳ್ಳಾಗಡ್ಡಿ ಕೀಳಾಕ ಹೋಗಿದ್ವಿರೀ" ಅಂದಾಗ "ಹಾಗಲ್ಲ, ಸರಿಯಾಗಿ ಹೇಳು" ಅನ್ನಬೇಡಿ. ಅದು ಸರಿಯಾಗೇ ಹೇಳಿದೆ. "ಹೌದಾ, ಈರುಳ್ಳಿ ಕೀಳೋಕೆ ಹೋಗಿದ್ರಾ? ಎಷ್ಟು ದಿನ?" ಅಂತ ಪುಸ್ತಕದ ಶಬ್ದ ಸೇರಿಸಿ ಮಾತು ಮುಂದುವರಿಸಿ. ಬರೆಯೋವಾಗ ಬೋರ್ಡಿನಲ್ಲಿ ಎರಡೂ ಶಬ್ದ ಅಕ್ಕಪಕ್ಕ ಬರೀರಿ. ಮಾತಿಗೆ ಇದು, ಪರೀಕ್ಷೆಗೆ ಅದು ಅಂತ ಮಕ್ಕಳು ಬೇಗ ಕಲೀತಾರೆ.

ಕನ್ನಡವೇ ಮನೆ ಮಾತಲ್ಲದ ಮಕ್ಕಳದು ಇನ್ನೂ ದೊಡ್ಡ ವಿಷಯ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಾಲುವೆ ಪಕ್ಕದ ಕ್ಯಾಂಪುಗಳಲ್ಲಿ, ಅಂದರೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರುಗಳಲ್ಲಿ, ತೆಲುಗು. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ, ಅಂದರೆ ನಿರಾಶ್ರಿತರ ಪುನರ್ವಸತಿ ಊರುಗಳಲ್ಲಿ, ಬಂಗಾಳಿ. ತಾಂಡಾದ ಮಕ್ಕಳಿಗೆ ಲಂಬಾಣಿ. ಪೇಟೆಯ ಓಣಿಗಳಲ್ಲಿ ದಖನಿ ಉರ್ದು. ತೋರಣಗಲ್ಲಿನ ಸ್ಟೀಲ್ ಫ್ಯಾಕ್ಟರಿ ಸುತ್ತ ಹಿಂದಿ ಮಾತಾಡೋರ ಮಕ್ಕಳು. ಈ ಮಕ್ಕಳು ಸುಮ್ಮನಿದ್ದರೆ ದಡ್ಡರು ಅಂತಲ್ಲ, ತಲೆಯಲ್ಲಿರೋ ಉತ್ತರಕ್ಕೆ ಕನ್ನಡ ಸಿಗ್ತಿಲ್ಲ ಅಷ್ಟೇ. ಹಾಗಾಗಿ ಮೊದಲು ಅವರ ಮಾತಲ್ಲೇ ಹೇಳಲಿ. ಎರಡೂ ಭಾಷೆ ಬರೋ ಹುಡುಗ ಕ್ಲಾಸಿನಲ್ಲಿ ಒಬ್ಬ ಇದ್ದೇ ಇರ್ತಾನೆ, ಅವನು ಕನ್ನಡಕ್ಕೆ ತಿರುಗಿಸಲಿ. ಆಮೇಲೆ ಮಗು ಅದನ್ನೇ ಕನ್ನಡದಲ್ಲಿ ಒಂದು ಸಲ ಹೇಳಲಿ. ಹೊತ್ತು ಹಿಡಿಯುತ್ತದೆ, ನಿಜ. ಶಿಕ್ಷಣ ಹಕ್ಕು ಕಾಯ್ದೆ 2009ರ 29ನೇ ಸೆಕ್ಷನ್ ಕೂಡ ಆದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕು, ಮಗು ಹೆದರಿಕೆ ಇಲ್ಲದೆ ತನ್ನ ಅನಿಸಿಕೆ ಹೇಳುವ ಹಾಗಿರಬೇಕು ಅನ್ನುತ್ತದೆ. ಯಾರಾದರೂ ಮೇಲಿನವರು ಬಂದು ‘ಕ್ಲಾಸಿನಲ್ಲಿ ತೆಲುಗು ಯಾಕೆ’ ಅಂದರೆ ಇದನ್ನು ನೆನಪಿಟ್ಟುಕೊಂಡಿರಿ.

ಅದೇ ಕಾಯ್ದೆಯ 17ನೇ ಸೆಕ್ಷನ್ ಹೊಡೆಯೋದನ್ನ ಮಾತ್ರ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಕೋಲು ಬಿಟ್ಟವರೂ ಎಷ್ಟೋ ಜನ ‘ಎಮ್ಮಿ’, ‘ದಡ್ಡ ಸೂಳೆಮಗನೆ’ ಬಿಟ್ಟಿಲ್ಲ. ಒಬ್ಬರಿಗೆ ಹಾಗೆ ಬೈದರೆ ಉಳಿದ ಮಕ್ಕಳೂ ಆವತ್ತಿನಿಂದ ಕೈ ಎತ್ತೋದು ಬಿಡ್ತಾರೆ.

ಇನ್ನೊಂದು ನಮ್ಮ ಕಡೆಯದೇ ಸಂಗತಿ. ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ದುಡಿಯೋಕೆ ಹೋಗಿ ತಿಂಗಳುಗಟ್ಟಲೆ ಬಿಟ್ಟು ಬರೋ ಮಕ್ಕಳು. ಬಾಗಿಲಲ್ಲೇ "ಈಗ ನೆನಪಾತೇನಪ್ಪ ಸಾಲಿ?" ಅಂತ ಚುಚ್ಚಬೇಡಿ. ಹೋಗಿದ್ದು ಮಗುವಿನ ತೀರ್ಮಾನವಲ್ಲ. "ಬಾ, ಇಲ್ಲಿ ಕುಂದ್ರು" ಅಂತ ಕೂರಿಸಿ, ಅಲ್ಲಿ ಏನು ನೋಡಿದೆ ಅಂತ ಕೇಳಿ. ಹತ್ತು ಮಹಡಿ ಬಿಲ್ಡಿಂಗಿನ ಕೆಳಗೆ ಶೆಡ್ಡಿನಲ್ಲಿದ್ದು ಬಂದ ಹುಡುಗನಿಗೆ ಸಿಮೆಂಟು, ಮರಳು, ಜಲ್ಲಿ ಎಷ್ಟೆಷ್ಟು ಹಾಕ್ತಾರೆ ಅಂತ ಗೊತ್ತಿರುತ್ತದೆ. ಅನುಪಾತದ ಪಾಠ ಅವನ ಬಾಯಿಂದಲೇ ಶುರು ಮಾಡಬಹುದು.

ಈಗ ಮಕ್ಕಳಿಗೆ

"ಸರ, ತಿಳೀಲಿಲ್ರೀ" ಅಂದರೆ ಸರ್ ಮೊದಲಿಂದ ಪೂರಾ ಮತ್ತೆ ಹೇಳ್ತಾರೆ, ನಿಮಗೆ ಮತ್ತೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎಲ್ಲಿವರೆಗೆ ತಿಳೀತು ಅನ್ನೋದನ್ನ ಹೇಳಿ. "ಮೂರನೇ ಸ್ಟೆಪ್ ತನಕ ಬಂತ್ರೀ ಸರ, ಅಲ್ಲಿ ಮೈನಸ್ ಹೋಗಿ ಪ್ಲಸ್ ಯಾಕ ಆತು ಗೊತ್ತಾಗವಲ್ದು." ಇಷ್ಟು ಹೇಳಿದರೆ ಸರ್ ಒಂದೇ ನಿಮಿಷದಲ್ಲಿ ಬಿಡಿಸಿ ಹೇಳಬಹುದು, ನಗೋ ಹುಡುಗರಿಗೆ ನಗೋಕೂ ಏನೂ ಉಳಿಯಲ್ಲ. ಎದ್ದು ಕೇಳೋಕೆ ಧೈರ್ಯ ಬರದಿದ್ದರೆ ನೋಟ್ಸಿನ ಕೊನೆ ಪುಟದಲ್ಲಿ ಪ್ರಶ್ನೆ ಬರೆದಿಟ್ಟು, ಬಿಸಿಯೂಟದ ಹೊತ್ತಿನಲ್ಲಿ ತೋರಿಸಿ. ಉತ್ತರ ಹೇಳೋವಾಗ ಸರ್ ಮುಖ ನೋಡಿ ಪಿಸುಗುಟ್ಟಬೇಡಿ, ಹಿಂದಿನ ಸಾಲಿನವರಿಗೆ ಕೇಳೋ ಹಾಗೆ ಹೇಳಿ. ಮತ್ತೆ ಪಕ್ಕದವರು ತಪ್ಪಿದಾಗ ಕಿಸಕ್ಕನೆ ನಗೋದು, ಅದು ಬಿಡಿ, ನಾಳೆ ಅಲ್ಲಿ ನಿಲ್ಲೋರು ನೀವೇ.

ಪೋಷಕರ ಬಗ್ಗೆ ಒಂದೇ ಮಾತು. ದೂರು ಹೇಳೋಕೆ ಮಾತ್ರ ಫೋನ್ ಮಾಡಿದರೆ ನಿಮ್ಮ ನಂಬರ್ ನೋಡಿದ ಕೂಡಲೇ ಅವರು ಎತ್ತಲ್ಲ. ಒಂದು ಒಳ್ಳೆ ಸುದ್ದಿಗೂ ಫೋನ್ ಮಾಡಿ. ಓದೋಕೆ ಬಾರದ ಮನೆಗೆ ಉದ್ದ ಮೆಸೇಜ್ ಹಾಕಿ ಉಪಯೋಗವಿಲ್ಲ, ವಾಟ್ಸಾಪಿನಲ್ಲಿ ಅವರ ಮಾತಿನಲ್ಲೇ ಅರ್ಧ ನಿಮಿಷ ವಾಯ್ಸ್ ಕಳಿಸಿ. ಭೇಟಿಯಾಗಬೇಕಾದರೆ ಹೊಲಕ್ಕೆ ಹೋಗೋ ಮುಂಚೆ, ಬೆಳಿಗ್ಗೆ.

ಇದೆಲ್ಲ ನಿಮ್ಮ ಕ್ಲಾಸಿನಲ್ಲಿ ಹೇಗಿದೆ ಅಂತ ತಿಳೀಬೇಕಾದರೆ ಒಂದು ಪೀರಿಯಡ್ ಫೋನಿನಲ್ಲಿ ರೆಕಾರ್ಡ್ ಮಾಡಿ, ಮೇಜಿನ ಮೇಲೆ ಇಟ್ಟುಬಿಡಿ. ಸಂಜೆ ಕೇಳುತ್ತಾ ಒಂದು ಹಾಳೆಯಲ್ಲಿ ಗೀಟು ಹಾಕಿ: ನೀವು ಕೇಳಿದ ಪ್ರಶ್ನೆ ಎಷ್ಟು, ಅದರಲ್ಲಿ ಹೂ ಅಂದರೆ ಮುಗಿಯೋದು ಎಷ್ಟು, ನೀವೇ ಉತ್ತರ ಹೇಳಿದ್ದು ಎಷ್ಟು, ಯಾವ ಯಾವ ಮಕ್ಕಳ ದನಿ ಒಂದು ಸಲವೂ ಬರಲಿಲ್ಲ. ಮರುದಿನ ಮೊದಲ ಪ್ರಶ್ನೆ ಆ ಕೊನೆಯ ಪಟ್ಟಿಯವರಿಗೆ. ರೆಕಾರ್ಡಿಂಗನ್ನು ಮಾತ್ರ ಕೇಳಿದ ಮೇಲೆ ಅಳಿಸಿಬಿಡಿ, ಅದರಲ್ಲಿ ಮಕ್ಕಳ ದನಿ ಇದೆ, ಟೀಚರ್ಸ್ ಗ್ರೂಪಿಗೆ ಹಾಕೋ ವಸ್ತು ಅಲ್ಲ.