ಪೈಪ್ ಹಿಡಿಯುವ ಮುನ್ನ ಒಂದು ಬಕೆಟ್ ಇಟ್ಟು ನೋಡಿ

ಅಂಗಳ, ಗಿಡ, ಗಾಡಿ ಅಂತ ಪೈಪ್ ಹಿಡಿದು ನಿಲ್ಲುವವರು ಒಮ್ಮೆ ಇದನ್ನು ಮಾಡಿ. 10 ಲೀಟರ್ ಬಕೆಟ್‌ಗೆ ಪೈಪ್ ಬಿಟ್ಟು, ತುಂಬಲು ಎಷ್ಟು ಹೊತ್ತಾಗುತ್ತೆ ಅಂತ ಮೊಬೈಲಿನಲ್ಲಿ ನೋಡಿ. ನಮ್ಮದು 40 ಸೆಕೆಂಡಿಗೇ ತುಂಬಿತು. ಅಂದರೆ ನಿಮಿಷಕ್ಕೆ 15 ಲೀಟರ್, ಹತ್ತು ನಿಮಿಷ ಕಾರು ತೊಳೆದರೆ 150! ಈಗ ಎರಡೇ ಬಕೆಟ್ ನೀರಲ್ಲಿ ಕೆಲಸ ಮುಗಿಯುತ್ತೆ. ಧೂಳನ್ನು ಮೊದಲು ನೆನೆಸಿಕೊಳ್ಳಿ, ಒಣಗಿದ್ದಾಗಲೇ ಉಜ್ಜಿದರೆ ಗೀರು ಬೀಳುತ್ತೆ. ಮೇಲಿನಿಂದ ಕೆಳಕ್ಕೆ ಒರೆಸುತ್ತಾ ಬನ್ನಿ, ಚಕ್ರ ಕೊನೆಗೆ.

ಗಿಡಕ್ಕೆ ದಿನಾ ನೀರು ಹಾಕಲೇಬೇಕು ಅಂತೇನಿಲ್ಲ. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಎರಡನೇ ಗೆಣ್ಣಿನ ಹತ್ತಿರ ತೇವ ಸಿಕ್ಕರೆ ಇವತ್ತು ಬಿಟ್ಟುಬಿಡಿ. ಹಾಕುವುದಾದರೆ ಬಿಸಿಲೇರುವ ಮೊದಲು, ಎಲೆಗಲ್ಲ, ಬುಡಕ್ಕೆ. ಸುತ್ತ ಎರಡು ಇಂಚು ಒಣ ಎಲೆ ಹಾಸಿದರೆ ತೇವ ಬೇಗ ಆರುವುದಿಲ್ಲ. ಆದರೆ ಕಾಂಡಕ್ಕೆ ತಾಗಬಾರದು, ಕೊಳೆಯುತ್ತೆ. (ಒಂದು ಗುಲಾಬಿ ಗಿಡ ಕಳೆದುಕೊಂಡು ಕಲಿತ ಪಾಠ!)

ಅಂಗಳಕ್ಕೆ ಪೊರಕೆ ಸಾಕು. ಹೊರಗಿನ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಸಾಮಾನ್ಯವಾಗಿ ಒಳಗಿನ ವಾಷರ್ ಸವೆದಿರುತ್ತೆ. ಮೊದಲು ಅದನ್ನು ಬದಲಿಸಿ ನೋಡಿ, ಇಡೀ ನಲ್ಲಿ ಬಿಚ್ಚಿಸುವ ಗೋಜು ಬೇಡ.