ಇಬ್ಬರು ಆರೋಪಿಗಳು, ಒಂದು ಕೊಲೆ: ಅಮೆರಿಕದಲ್ಲಿ ಸಹ ಆರೋಪಿಯ ಮಾತಿನ ತೂಕ

ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂಬ ನಂಬಿಕೆಯನ್ನು ಅಮೆರಿಕಕ್ಕೆ ಬಂದ ನಾವು ಊರಿನಿಂದಲೇ ಹೊತ್ತು ತಂದಿರುತ್ತೇವೆ. ಭಾರತದ ಮಟ್ಟಿಗೆ ಅದು ಬಹುಪಾಲು ನಿಜ. ಅಮೆರಿಕದಲ್ಲಿ ಅಲ್ಲ. ಠಾಣೆಯಲ್ಲಿ ಆಡಿದ ಮಾತು ಇಲ್ಲಿ ನೇರವಾಗಿ ಜ್ಯೂರಿಯ ಮುಂದೆ ಹೋಗಬಹುದು.

ಓಕ್ಲಹೋಮ ನಗರದಲ್ಲಿ 1997ರ ಜನವರಿಯಲ್ಲಿ ಒಬ್ಬ ಮೋಟೆಲ್ ಮಾಲೀಕರ ಕೊಲೆಯಾಯಿತು. ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದವನು ಅಲ್ಲಿಯೇ ದುರಸ್ತಿ ಕೆಲಸ ಮಾಡುತ್ತಿದ್ದ ಹತ್ತೊಂಬತ್ತರ ಯುವಕ ಜಸ್ಟಿನ್ ಸ್ನೀಡ್. ವಿಚಾರಣೆಯಲ್ಲಿ ಮ್ಯಾನೇಜರ್ ರಿಚರ್ಡ್ ಗ್ಲಾಸಿಪ್ ಹೆಸರನ್ನು ಮೊದಲು ಎತ್ತಿದವರು ಪೊಲೀಸರೇ. ಆಮೇಲೆ ಸ್ನೀಡ್, ಹಣದ ಆಸೆ ತೋರಿಸಿ ಕೊಲ್ಲಿಸಿದ್ದು ಗ್ಲಾಸಿಪ್ ಎಂದ. ಗ್ಲಾಸಿಪ್ ಅದನ್ನು ಎಂದೂ ಒಪ್ಪಲಿಲ್ಲ. ಕೊಂದವನಿಗೆ ಸಾಕ್ಷಿ ಹೇಳಿದ್ದಕ್ಕೆ ಜೀವಾವಧಿ. ಗ್ಲಾಸಿಪ್‌ಗೆ 1998ರಲ್ಲಿ, ಮರುವಿಚಾರಣೆಯ ನಂತರ 2004ರಲ್ಲಿ ಮತ್ತೆ, ಮರಣದಂಡನೆ. ಒಂಬತ್ತು ಬಾರಿ ದಿನ ಗೊತ್ತಾಗಿ ಮುಂದಕ್ಕೆ ಹೋಯಿತು. ಮೂರು ಬಾರಿ ಆತ ಕೊನೆಯ ಊಟವನ್ನೂ ಮಾಡಿದ್ದ. ಸ್ನೀಡ್ ತನ್ನ ಮಾನಸಿಕ ಚಿಕಿತ್ಸೆಯ ಬಗ್ಗೆ ಸುಳ್ಳು ಹೇಳಿದ್ದು ಗೊತ್ತಿದ್ದೂ ಸರ್ಕಾರಿ ವಕೀಲರು ತಿದ್ದಲಿಲ್ಲ ಎಂದು ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದುಮಾಡಿದ್ದು 2025ರ ಫೆಬ್ರವರಿಯಲ್ಲಿ.

ಭಾರತದಲ್ಲಿ ಮಾಫಿ ಸಾಕ್ಷಿಗೆ, ಅಂದರೆ ಜೊತೆಗಾರನ ವಿರುದ್ಧವೇ ಸಾಕ್ಷಿ ಹೇಳಲು ಒಪ್ಪಿದ ಆರೋಪಿಗೆ, ಕ್ಷಮೆ ಕೊಡುವುದು ನ್ಯಾಯಾಲಯ. ಇಲ್ಲಿ ಚೌಕಾಶಿ ಕುದುರುವುದು ಸರ್ಕಾರಿ ವಕೀಲರ ಜೊತೆ, ಮತ್ತು ಅವರಿಗೆ ಸಾಮಾನ್ಯವಾಗಿ ಒಬ್ಬನ ಸಾಕ್ಷ್ಯ ಸಾಕು. ಆದ್ದರಿಂದಲೇ ಇಬ್ಬರಲ್ಲಿ ಮೊದಲು ಬಾಯಿಬಿಡುವವನಿಗೆ ಲಾಭ. ಅವನೇ ಹೆಚ್ಚು ತಪ್ಪಿತಸ್ಥನಾಗಿದ್ದರೂ! ನನಗೆ ಈ ವ್ಯವಸ್ಥೆಯಲ್ಲಿ ಅತ್ಯಂತ ಭಯ ಹುಟ್ಟಿಸುವುದು ಇದೇ.

ಟೆಕ್ಸಾಸ್‌ನಲ್ಲಿ ಇರುವವರು ಇನ್ನೊಂದನ್ನು ತಿಳಿದಿರಬೇಕು. ಅಲ್ಲಿ ಗುಂಡು ಹಾರಿಸದವನಿಗೂ ಮರಣದಂಡನೆ ಆಗಬಹುದು. ಕೆನೆತ್ ಫಾಸ್ಟರ್ ಕಾರು ಓಡಿಸುತ್ತಿದ್ದವನು. ಕೊಲೆ ನಡೆದಾಗ ಸುಮಾರು 80 ಅಡಿ ದೂರ ಕಾರಿನಲ್ಲೇ ಇದ್ದ. ಗುಂಡು ಹಾರಿಸಿದವನಿಗೆ 2006ರಲ್ಲಿ ಮರಣದಂಡನೆ ಜಾರಿಯಾಯಿತು. ಫಾಸ್ಟರ್‌ನ ಶಿಕ್ಷೆಯನ್ನು ರಾಜ್ಯಪಾಲ ರಿಕ್ ಪೆರಿ 2007ರಲ್ಲಿ ಜೀವಾವಧಿಗೆ ಇಳಿಸಿದಾಗ ಉಳಿದದ್ದು ಕೆಲವೇ ಗಂಟೆ.

ನಿಮ್ಮವರು ಯಾರಾದರೂ ಇನ್ನೊಬ್ಬರೊಂದಿಗೆ ಬಂಧನಕ್ಕೊಳಗಾದರೆ, ಹಣ ಉಳಿಸಲು ಇಬ್ಬರಿಗೂ ಒಬ್ಬರೇ ವಕೀಲರನ್ನು ಹಿಡಿಯಬೇಡಿ. ಇಂದಿನ ಗೆಳೆಯ ನಾಳೆ ಎದುರಾಳಿಯ ಸಾಕ್ಷಿ. ವಕೀಲರಿಗೆ ಕೊಡಲು ಹಣವಿಲ್ಲದ ಆರೋಪಿಗೆ ಸರ್ಕಾರವೇ ಒಬ್ಬರನ್ನು ನೇಮಿಸುತ್ತದೆ. ಜೈಲಿನ ಫೋನ್ ಕರೆಗಳು ಧ್ವನಿಮುದ್ರಣವಾಗುತ್ತವೆ. ಕನ್ನಡದಲ್ಲಿ ಆಡಿದ್ದನ್ನೂ ಅನುವಾದ ಮಾಡಿಸುತ್ತಾರೆ. ಭಾರತದ ಪಾಸ್‌ಪೋರ್ಟ್ ಇದ್ದವರು ತಮ್ಮ ದೂತಾವಾಸಕ್ಕೆ ತಿಳಿಸಿ ಎಂದು ಕೇಳಬಹುದು. ವಿಯೆನ್ನಾ ಒಪ್ಪಂದ ಕೊಟ್ಟ ಹಕ್ಕು ಅದು, ಟೆಕ್ಸಾಸ್‌ನವರಿಗೆ ಹ್ಯೂಸ್ಟನ್ ಕಚೇರಿ ಇದೆ. ಮತ್ತು ವಿಚಾರಣೆಯ ಕೋಣೆಯಲ್ಲಿ ‘ವಕೀಲರಿದ್ದರೆ ಒಳ್ಳೆಯದೇನೋ’ ಎಂಬ ನಮ್ಮ ಸಂಕೋಚದ ಮಾತು ಸಾಲದು. 1994ರಿಂದ ಸುಪ್ರೀಂ ಕೋರ್ಟಿನ ನಿಲುವು ಸ್ಪಷ್ಟ: ಬೇಡಿಕೆ ಖಚಿತವಾಗಿರಬೇಕು. ‘ನನಗೆ ವಕೀಲರು ಬೇಕು’ ಎಂದು ಹೇಳಿ, ಅಲ್ಲಿಗೆ ಮಾತು ನಿಲ್ಲಿಸಿ.